ಮೊತ್ತದ ಡಿಸ್ಕು

ಆಯುಧಪೂಜೆಗೆ ಮೊದಲು ಮುರಿದ ಮದುವೆಗಳನ್ನು ಅಳಿಸಿಹಾಕುವುದು ನಮ್ಮ ಸ್ಟುಡಿಯೋದ ಪದ್ಧತಿ. ಶಿಡ್ಲಘಟ್ಟದ ಬೇರೆ ಸ್ಟುಡಿಯೋದವರು ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ತಿಳಿಯದು. ನಮ್ಮಲ್ಲಿ ಇದು ಮಾವನವರ ಕಾಲದಿಂದ ಬಂದದ್ದು. ಆಗ ನೆಗೆಟಿವ್‌ಗಳಿದ್ದವು. ಗಂಡ ಹೆಂಡತಿ ಬೇರೆಯಾದರು ಎಂಬ ಸುದ್ದಿ ಕಿವಿಗೆ ಬಿದ್ದರೆ, ಆ ಮದುವೆಯ ಕವರನ್ನು ಹಬ್ಬಕ್ಕೆ ಮೊದಲು ಬೀರುವಿನಿಂದ ತೆಗೆದು, ಮನೆಯವರು ಕೇಳಿದರೆ ಕೊಟ್ಟು, ಕೇಳದಿದ್ದರೆ ಹಿತ್ತಲಿನಲ್ಲಿ ಸುಡುತ್ತಿದ್ದರು. ಅದರ ನೆರಳು ಪಕ್ಕದ ಕವರುಗಳ ಮೇಲೆ ಬೀಳಬಾರದು ಎನ್ನುವುದು ಅವರ ನಂಬಿಕೆ. ಬೀರು ಹೋಗಿ ಕಂಪ್ಯೂಟರು ಬಂದ ಮೇಲೂ ನಮ್ಮ ಯಜಮಾನರು ಅದನ್ನು ಬಿಡಲಿಲ್ಲ. ಕ್ಯಾಮೆರಾ ಒರೆಸಿ, ಲೈಟಿನ ಸ್ಟ್ಯಾಂಡುಗಳನ್ನು ತೊಳೆದು, ಕೊನೆಗೆ ಡಿಸ್ಕಿನೊಳಗಿನ ಮುರಿದ ಮದುವೆಗಳನ್ನು ಗುಡಿಸುತ್ತಿದ್ದರು.

ಡಿಸ್ಕುಗಳನ್ನು ಜೋಡಿಸಿಕೊಟ್ಟವಳು ನನ್ನ ನಾದಿನಿ. ಮುದ್ದೇನಹಳ್ಳಿಯ ಹತ್ತಿರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಒಂದು ಮದುವೆಯ ವಿಡಿಯೋ ಹೋದರೆ ಮತ್ತೆ ಅವರಿಗೆ ಮದುವೆ ಮಾಡಿಸಲಾಗುತ್ತದೆಯೇ ಎಂದು ನಮ್ಮನ್ನು ಹೆದರಿಸಿ, ಮೂರು ಡಿಸ್ಕಿಗೊಂದರಂತೆ ಹೆಚ್ಚಿನ ಡಿಸ್ಕು ಕೊಡಿಸಿದಳು. ಆ ಹೆಚ್ಚಿನ ಡಿಸ್ಕಿನಲ್ಲಿ ಯಾವ ಫೋಟೋವೂ ಇರಲಿಲ್ಲ. ತೆರೆದು ನೋಡಿದರೆ ಬರೀ ಅರ್ಥವಿಲ್ಲದ ಕಸ.

"ಕಸ ಅಲ್ಲ ಅತ್ತಿಗೆ, ಮೊತ್ತ," ಎಂದಳು. "ಮೊದಲನೇ ಡಿಸ್ಕಲ್ಲಿ ನಾಲ್ಕಿದೆ ಅನ್ಕೊಳ್ಳಿ, ಎರಡನೇದ್ರಲ್ಲಿ ಏಳು, ಮೂರನೇದ್ರಲ್ಲಿ ಎರಡು. ಇದ್ರಲ್ಲಿ ಹದಿಮೂರು ಬರೆದಿಡ್ತೀನಿ. ನಾಳೆ ಏಳು ಕೆಟ್ಟೋಯ್ತು. ಹದಿಮೂರಲ್ಲಿ ನಾಲ್ಕು, ಎರಡು ಕಳೀರಿ. ಏನು ಬರ್ತದೆ?"

"ಏಳು. ಅದಕ್ಕೆ ಕಾಲೇಜು ಓದ್ಬೇಕಾ?"

"ಅದಕ್ಕೇ ಓದಿದ್ದು ಕಣತ್ತಿಗೆ ನಾನು," ಎಂದು ನಕ್ಕಳು.

ಎಲ್ಲ ಡಿಸ್ಕಿಗೂ ಸೇರಿಸಿ ಒಂದೇ ಮೊತ್ತ ಇಟ್ಟರೆ ಸಾಲದೇ ಎಂದು ಕೇಳಿದ್ದೆ. ಅವಳು ತಲೆಯಾಡಿಸಿದಳು. ಹಾಗೆ ಮಾಡಿದರೆ ಒಂದು ಕೆಟ್ಟಾಗ ಉಳಿದವನ್ನೆಲ್ಲ ಎಬ್ಬಿಸಿ ಓದಬೇಕು; ಹಳೆಯ ಡಿಸ್ಕುಗಳು ಓದುವ ಸುಸ್ತಿಗೇ ಸಾಯುತ್ತವೆ. ಪುಟ್ಟ ಗುಂಪು ಮಾಡಿದರೆ ಪಕ್ಕದ ಇಬ್ಬರು, ಜೊತೆಗೊಂದು ಮೊತ್ತ, ಅಷ್ಟು ಸಾಕು. ಕೈಸಾಲಕ್ಕೆ ಸಕ್ಕರೆ ಬೇಕಾದರೆ ಇಡೀ ಬೀದಿಯ ಬಾಗಿಲು ಬಡಿಯುತ್ತೇವೆಯೇ, ಪಕ್ಕದ ಮನೆಗೆ ಹೋಗುತ್ತೇವೆ. ಮಾತು ನನಗೆ ಹಿಡಿಸಿತು.

ಅವಳು ಹೇಳಿದ ಕಟ್ಟುನಿಟ್ಟು ಒಂದೇ. "ಏನಾದ್ರೂ ಸೇರಿಸಿದ್ರೆ, ಏನಾದ್ರೂ ಅಳಿಸಿದ್ರೆ, ಅವತ್ತೇ ಮೊತ್ತ ಹೊಸದಾಗಿ ಹಾಕಿಸ್ಬೇಕು. ಇಲ್ಲಾಂದ್ರೆ ಅದು ನಿನ್ನೆಯ ಲೆಕ್ಕ ಹೇಳ್ತಾ ಕೂತಿರ್ತದೆ." ಮೊತ್ತ ಹಾಕಲು ಯಂತ್ರ ಬಹಳ ಹೊತ್ತು ಓಡಬೇಕಿತ್ತು. ಬೆಳಿಗ್ಗೆ ಹಚ್ಚಿದರೆ ಸಂಜೆ ಬಾಗಿಲು ಹಾಕುವ ವೇಳೆಗೆ ಮುಗಿಯುತ್ತಿತ್ತು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಗೌರಿಬಿದನೂರಿನಿಂದ ಒಬ್ಬ ಹೆಂಗಸು ಬಂದರು. ನಿವೃತ್ತ ಸ್ಕೂಲ್ ಮೇಡಂ. ಅವರ ಮಗಳ ಮದುವೆಯನ್ನು ನಾವೇ ತೆಗೆದಿದ್ದೆವು. ದೊಡ್ಡ ಛತ್ರ, ಎರಡು ದಿನದ ಮದುವೆ. ಕೆಲವು ವರ್ಷ ಕೋರ್ಟಿಗೆ ಅಲೆದು ಈಗ ಬಿಡುಗಡೆಯಾಗಿದೆ ಎಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ನನ್ನ ಮಗಳ ಮುಖ ನಿಮ್ಮ ಅಂಗಡೀಲಿ ಇರ್ಬಾರ್ದು. ಈಗ್ಲೇ ಅಳಿಸಿ. ಆಮೇಲೆ ಯಾರಾದ್ರೂ ತೆಗೆಯೋಕೂ ಆಗ್ಬಾರ್ದು."

ಯಜಮಾನರಿಗೆ ಇದು ಅನುಕೂಲವೇ ಆಯಿತು. ಹೇಗೂ ಗುಡಿಸುವ ದಿನ. ಅಳಿಸಿ, ಮರಳಿ ತೆಗೆಯಲಾಗದಂತೆ ಆ ಜಾಗಕ್ಕೆಲ್ಲ ಸೊನ್ನೆ ತುಂಬಿಸಿದರು. ಮೇಡಂ ಕುರ್ಚಿಯ ತುದಿಯಲ್ಲಿ ಕೂತು, ಪರದೆಯ ಮೇಲಿನ ಹಸಿರು ಪಟ್ಟಿ ಪೂರ್ತಿ ತುಂಬುವವರೆಗೂ ಕಣ್ಣು ತೆಗೆಯಲಿಲ್ಲ. ಅವರು ಹೋಗುವಾಗ ಸಂಜೆಯಾಗಿತ್ತು.

"ಮೊತ್ತ ಹಾಕ್ಬೇಕಲ್ಲ ರೀ," ಎಂದೆ.

"ಈಗ ಹಚ್ಚಿದ್ರೆ ನಾಳೆ ಬೆಳಿಗ್ಗೆವರೆಗೂ ಓಡ್ತದೆ. ಪೂಜೆ ದಿನ ಯಂತ್ರ ಓಡಿಸ್ತಾರೇನೇ? ವಿಜಯದಶಮಿ ದಿನ ಹಾಕೋಣ, ಓಡಿ ಎಲ್ಲಿಗೋಗ್ತದೆ."

ನನಗೂ ಅದು ಸರಿಯೆನಿಸಿತು. ಪೂಜೆಯ ದಿನ ನಮ್ಮಲ್ಲಿ ಕತ್ತರಿಯನ್ನೂ ಮುಟ್ಟುವುದಿಲ್ಲ. ಡಿಸ್ಕಿನ ಡಬ್ಬಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಕರೆಂಟು ತೆಗೆದು ಮಲಗಿಸಿದೆವು. ವಿಜಯದಶಮಿಯ ಬೆಳಿಗ್ಗೆ ಸ್ವಿಚ್ ಹಾಕಿದರೆ ಆ ಮೇಡಂ ಮಗಳ ಮದುವೆ ಅಳಿಸಿದ ಗುಂಪಿನಲ್ಲೇ ನಡುವಿನ ಡಿಸ್ಕು ಟಕ್ ಟಕ್ ಎಂದಿತು. ಮತ್ತೆ ಟಕ್ ಟಕ್. ಆಮೇಲೆ ಸುಮ್ಮನಾಯಿತು. ಬೆಂಗಳೂರಿನಲ್ಲಿ ರಿಪೇರಿಯವರಿಗೆ ಕೊಟ್ಟು ನೋಡಿದೆವು. ಒಳಗಿನ ತಟ್ಟೆಯೇ ಗೀರಿಹೋಗಿದೆ ಎಂದು ವಾಪಸು ಕಳಿಸಿದರು.

ದೀಪಾವಳಿಗೆ ತವರಿಗೆ ಬಂದ ನಾದಿನಿ ಹೊಸ ಡಿಸ್ಕು ಹಾಕಿ ಕಳೆಯುವ ಲೆಕ್ಕಕ್ಕೆ ಕೂತಳು. ಹಬ್ಬದ ಒಬ್ಬಟ್ಟು ತಟ್ಟೆಯಲ್ಲೇ ಆರಿತು. ಬಹುಪಾಲು ಮದುವೆಗಳು ಒಂದೊಂದಾಗಿ ಎದ್ದುಬಂದವು. ನಾಮಕರಣಗಳು ಬಂದವು, ಒಂದು ಷಷ್ಟಿಪೂರ್ತಿ ಬಂತು. ಕೆಲವು ಫೈಲುಗಳು ಮಾತ್ರ ಏನು ಮಾಡಿದರೂ ತೆರೆಯಲಿಲ್ಲ. ಅವಳು ಅಣ್ಣನ ಕಡೆ ತಿರುಗಿದಳು.

"ಹಬ್ಬಕ್ಕೆ ಮುಂಚೆ ಏನಾದ್ರೂ ಅಳಿಸಿದ್ಯಾ?"

ಯಜಮಾನರು ಹೇಳಿದರು.

"ಮೊತ್ತ?"

ಅವರು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದರು.

"ನೋಡಿ ಅತ್ತಿಗೆ. ಏಳು ಹೋಗಿದೆ. ಹದಿಮೂರು ಇದೆ, ಎರಡು ಇದೆ. ನಿಮ್ಮ ಯಜಮಾನ್ರು ನಾಲ್ಕನ್ನ ಸೊನ್ನೆ ಮಾಡಿ ಕುಂಕುಮ ಇಟ್ಟವ್ರೆ. ಹದಿಮೂರಲ್ಲಿ ಏನು ಕಳೀಲಿ ನಾನು?"

"ಬೈಬೇಡ ಕಣೇ, ಹಬ್ಬದ ದಿನ. ಯಾರೂ ಕೇಳ್ಕೊಂಡು ಬರಲ್ಲ ಬಿಡು," ಎಂದರು ಯಜಮಾನರು. ಅಲ್ಲಿಗೆ ಆ ಮಾತು ನಿಂತಿತು.

ಕೇಳಿಕೊಂಡು ಬಂದಳು. ಕಾರ್ತಿಕ ಮಾಸದಲ್ಲೇ, ತಾಯಿಯನ್ನು ಕರೆದುಕೊಂಡು. ಚಿಂತಾಮಣಿಯ ಕಡೆ, ಮುರುಗಮಲ್ಲ ದಾಟಿ ಹೋಗಬೇಕಾದ ಒಂದು ಹಳ್ಳಿಯ ಹುಡುಗಿ. ಕೊರೊನಾ ಲಾಕ್‌ಡೌನಿನಲ್ಲಿ ಮನೆಯ ಮುಂದೆ ಚಪ್ಪರ ಹಾಕಿ ನಡೆದ ಮದುವೆ ಅವಳದು. ಬೆರಳೆಣಿಕೆಯ ಜನ, ಛತ್ರವಿಲ್ಲ, ರಿಜಿಸ್ಟ್ರೇಷನ್ ಇಲ್ಲ. ಯಜಮಾನರು ಒಬ್ಬರೇ ಮಾಸ್ಕ್ ಹಾಕಿಕೊಂಡು ಹೋಗಿ ತೆಗೆದಿದ್ದರು. ಶಾಸ್ತ್ರ ಮಾಡಿಸಿದ ಪುರೋಹಿತರು ಈಗಿಲ್ಲ. ಗಂಡನ ಮನೆಯವರು ಅವಳನ್ನು ತವರಿಗೆ ಅಟ್ಟಿ, ಇವಳು ಕೇಸು ಹಾಕಿದ ಮೇಲೆ ಈಗ ಕೋರ್ಟಿನಲ್ಲಿ ಮದುವೆಯೇ ಆಗಿಲ್ಲ, ಬರೀ ನಿಶ್ಚಿತಾರ್ಥ ಎನ್ನುತ್ತಿದ್ದಾರೆ. ಆಲ್ಬಮ್ಮು, ಪೆನ್‌ಡ್ರೈವ್, ಅವಳ ಫೋನು ಎಲ್ಲ ಅಲ್ಲೇ ಉಳಿದಿವೆ. ನೆಂಟರ ಫೋನಿನಲ್ಲಿ ಹಾರ ಹಾಕಿಕೊಂಡ ಫೋಟೋ ಇವೆ, ತಾಳಿ ಕಟ್ಟುವುದು ಯಾರಲ್ಲೂ ಇಲ್ಲ.

"ಹುಡುಗನಿಗೆ ಬೇರೆ ಕಡೆ ಹೆಣ್ಣು ನೋಡ್ತಾವ್ರೆ," ಎಂದರು ತಾಯಿ. "ನಾ ಬಿಡ್ಡ, ನನ್ ಮಗ್ಳು, ಏನು ಹಂಗಾರೆ? ಆ ಮನೇಲಿ ಕಸ ಗುಡಿಸಕ್ಕೆ ಹೋಗಿದ್ಲಾ ಇವ್ಳು?" ಬೇಸರ ಹೆಚ್ಚಾದಾಗ ಅವರ ಮಾತಿನಲ್ಲಿ ತೆಲುಗು ನುಸುಳುತ್ತಿತ್ತು.

ನಾನು ಆ ಮದುವೆಯನ್ನು ತೆರೆದೆ. ಅರಿಸಿನ ಹಚ್ಚುವುದು ಬಂತು. ಬಾಸಿಂಗ ಕಟ್ಟುವುದು ಬಂತು. ಮುಂದಿನ ಫೈಲನ್ನು ಒತ್ತಿದರೆ ಕಪ್ಪು ಚೌಕ. ಅದರ ಮುಂದಿನದೂ ಹಾಗೆಯೇ. ಆಮೇಲೆ ಊಟದ ಎಲೆಗಳು, ಹೋಳಿಗೆ ಬಡಿಸುವ ಕೈಗಳು. ಧಾರೆಯಿಂದ ತಾಳಿಯವರೆಗಿನ ಎರಡು ಫೈಲುಗಳಷ್ಟೇ ಇರಲಿಲ್ಲ.

ಹುಡುಗಿ ಅಳಲಿಲ್ಲ. "ಊಟ ಮಾಡಿದ್ದಕ್ಕೆ ಸಾಕ್ಷಿ ಐತೆ," ಎಂದಳು.

ಆ ವಾರ ನನಗೆ ಅಡುಗೆಯಲ್ಲಿ ಉಪ್ಪು ಹಾಕಿದೆನೋ ಬಿಟ್ಟೆನೋ ಗೊತ್ತಾಗುತ್ತಿರಲಿಲ್ಲ. ನಾದಿನಿಗೆ ಫೋನು ಮಾಡಿದರೆ ಅವಳು ದಾರಿ ಹೇಳಿದಳು. ಅಳಿಸಿದ ಆ ಮದುವೆಯ ಫೈಲುಗಳು ಬೇರೆಲ್ಲಾದರೂ ಇದ್ದರೆ, ಒಂದಿಷ್ಟೂ ಬದಲಾಗದೆ ಇದ್ದರೆ, ಅವನ್ನು ಮತ್ತೆ ಹಳೆಯ ಜಾಗಕ್ಕೆ ಕೂರಿಸಬಹುದು. ಆಗ ನಾಲ್ಕು ಸಿಕ್ಕಂತೆ. ನಾಲ್ಕು ಸಿಕ್ಕರೆ ಏಳೂ ಸಿಗುತ್ತದೆ. ನಾವು ಗಿರಾಕಿಗಳಿಗೆ ಕೊಡುವ ಪೆನ್‌ಡ್ರೈವಿನಲ್ಲಿ ಎಡಿಟ್ ಮಾಡದ ಫೈಲುಗಳೂ ಇರುತ್ತವೆ. ಗೌರಿಬಿದನೂರಿನ ಮೇಡಂಗೂ ಕೊಟ್ಟಿದ್ದೆವು. ಅವರು ಅದನ್ನು ಇಟ್ಟಿರಬೇಕು, ಇಟ್ಟಿದ್ದರೆ ಕೊಡಬೇಕು.

ಯಜಮಾನರು ನಾನು ಹೋಗಲ್ಲ ಎಂದರು. "ಅಳಿಸಿ ಅಂತ ಬಂದೋರ ಮನೆಗೆ ಹೋಗಿ, ವಾಪಸ್ ಕೊಡಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?" ನಾನೇ ಹೊರಟೆ. ಹುಡುಗಿ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಂದು ಸೇರಿಕೊಂಡಳು. ಬೇಡ ಎಂದಿದ್ದೆ, ಕೇಳಲಿಲ್ಲ. ಮಂಚೇನಹಳ್ಳಿ ದಾಟುವವರೆಗೂ ಬಸ್ಸಿನ ತುಂಬ ಅವರೆಕಾಯಿ ಮೂಟೆಗಳು, ಸೊಗಡಿನ ವಾಸನೆ.

ಮೇಡಂ ಮನೆಯಲ್ಲಿ ಒಬ್ಬರೇ ಇದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು. ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿದುಕುತ್ತಿದ್ದರು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪುಟಕ್ಕನೆ ತಟ್ಟೆಗೆ ಹಾರಿ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾವೂ ಕೂತು ಕೈ ಹಾಕಿದೆವು. ಹುಡುಗಿಯನ್ನು ನನ್ನ ಕಡೆಯವಳೆಂದು ತಿಳಿದಿದ್ದರು. ನಾನು ಮೊದಲಿನಿಂದ ಹೇಳುತ್ತಾ ಹೋದೆ: ಪೂಜೆ, ಡಿಸ್ಕು, ನಾಲ್ಕು, ಏಳು, ಹದಿಮೂರು, ಕೊನೆಗೆ ಈ ಹುಡುಗಿಯ ತಾಳಿ. ಅವರ ಕೈ ನಿಂತಿತು.

"ನಿಮ್ಮ ಡಿಸ್ಕು ಕೆಟ್ರೆ ನನ್ನ ಮಗಳ ಮದುವೆ ಯಾಕಮ್ಮಾ ಬೇಕು?"

"ಪಕ್ಕಪಕ್ಕದಲ್ಲಿ ಇದ್ವು ಮೇಡಂ. ಲೆಕ್ಕ ಒಟ್ಟಿಗೆ ಹಾಕಿದ್ವಿ."

"ನನ್ನ ಕೇಳಿ ಹಾಕಿದ್ರಾ?"

ಕೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ.

"ಮಗಳಿಗೆ ಇನ್ನೊಂದು ಕಡೆ ಮಾತು ನಡೀತಾ ಇದೆ," ಎಂದರು. "ಮೊದಲನೇದು ಮುಚ್ಚಿಟ್ಟಿಲ್ಲ, ಹೇಳಿದೀವಿ. ಆದ್ರೆ ಹೇಳೋದು ಬೇರೆ, ವಿಡಿಯೋ ಯಾರ ಫೋನಿಗೋ ಹೋಗಿ ಅವರು ನೋಡೋದು ಬೇರೆ. ಈ ಹುಡುಗಿ ಯಾರು, ನನ್ನ ಮಗಳು ಯಾರು? ಏನಾಗ್ಬೇಕು ಒಬ್ಬರಿಗೊಬ್ರು?"

"ಏನೂ ಆಗ್ಬೇಕಿಲ್ಲ ಆಂಟಿ," ಎಂದಳು ಹುಡುಗಿ, ಕಾಳು ಹಿದುಕುತ್ತಲೇ. "ನಿಮ್ಮ ಮಗಳ ಮದ್ವೆ ಆಗಿತ್ತು ಅಂತ ಊರಿಗೆಲ್ಲ ಗೊತ್ತು, ಅದನ್ನ ಮರೀಬೇಕು ಅಂತೀರ. ನಂದು ಆಗಿತ್ತು ಅಂತ ನನಗೊಬ್ಳಿಗೆ ಗೊತ್ತು. ಅವ್ನು ಕೋರ್ಟಲ್ಲಿ ನನ್ನ ಮುಖ ನೋಡ್ಕೊಂಡೇ ಆಗಿಲ್ಲ ಅಂದ. ನನಗೇ ಒಂದೊಂದ್ಸಲ ಅನುಮಾನ ಬರ್ತದೆ."

ಮೇಡಂ ಅವಳನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಅವಳ ಕೊರಳನ್ನೂ ನೋಡಿದರು. ಅರಿಸಿನದ ದಾರ ಇನ್ನೂ ಇತ್ತು.

"ಆ ಪೆನ್‌ಡ್ರೈವ್ ಬಿಸಾಕಿದೀನಿ ಅಂದ್ರೆ ಏನ್ಮಾಡ್ತೀರಿ?"

"ಬಿಸಾಕಿದೀರಾ ಮೇಡಂ?" ಎಂದೆ.

ಅವರು ಒಂದು ಹಿಡಿ ಕಾಳು ಹಿದುಕಿದರು. ಆಮೇಲೆ ಎದ್ದು ಕೈ ತೊಳೆದು ಒಳಗೆ ಹೋದರು. ಬೀರು ತೆಗೆದ ಸದ್ದು, ಬಹಳ ಹೊತ್ತು ಏನೂ ಇಲ್ಲ, ಮತ್ತೆ ಮುಚ್ಚಿದ ಸದ್ದು. ಕರವಸ್ತ್ರದಲ್ಲಿ ಸುತ್ತಿದ್ದನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು.

"ನಮ್ಮನೆಯವರು ಇದ್ರಲ್ಲಿ ಓಡಾಡ್ತಾರೆ. ಕನ್ಯಾದಾನ ಮಾಡಿ ಆರು ತಿಂಗಳಿಗೆ ಹೋಗ್ಬಿಟ್ರು. ಅದಕ್ಕೆ ಬಿಸಾಕಲಿಲ್ಲ. ಮಗಳಿಗೆ ಇದು ಇರೋದು ಗೊತ್ತಿಲ್ಲ." ಮತ್ತೆ ಕಾಳಿನ ಪಾತ್ರೆಯ ಮುಂದೆ ಕೂತು, "ನಿಮ್ಮ ಕೆಲಸ ಆದ ದಿನಾನೇ ನಿಮ್ಮ ಡಿಸ್ಕಿಂದ ಅಳಿಸ್ಬೇಕು. ನಾನು ಬರ್ತೀನಿ. ನನ್ನ ಕಣ್ಣೆದುರಿಗೇ ಆಗ್ಬೇಕು."

"ಆಗಲಿ ಮೇಡಂ," ಎಂದೆ.

ಹೊರಡುವಾಗ ಹಿದುಕಿದ ಬೇಳೆಯಲ್ಲಿ ಅರ್ಧವನ್ನು ಕವರಿಗೆ ಹಾಕಿ ಹುಡುಗಿಯ ಕೈಗಿತ್ತರು. ಮಾತಿನಲ್ಲಿ ಮಾತ್ರ ಬಿಗುಪು ಹಾಗೆಯೇ ಇತ್ತು.

ಭಾನುವಾರ ನಾದಿನಿ ಬಂದು, ಹುಡುಗಿಯ ಎದುರಿಗೇ ಆ ಫೈಲುಗಳನ್ನು ಜಾಗಕ್ಕೆ ಕೂರಿಸಿದಳು. ಬೆಳಿಗ್ಗೆ ಹಚ್ಚಿದ ಯಂತ್ರ ಮಧ್ಯಾಹ್ನದ ಊಟದ ಹೊತ್ತಿಗೆ ನಿಂತಿತು. ಅವಳು ಕಪ್ಪು ಚೌಕವಾಗಿದ್ದ ಆ ಫೈಲನ್ನು ಒತ್ತಿದಳು. ಚಪ್ಪರ, ಮಾವಿನ ಸೊಪ್ಪು, ಮೂಗಿನ ಕೆಳಗೆ ಜಾರಿದ ಮಾಸ್ಕಿನ ಪುರೋಹಿತರು. ತಾಳಿಯನ್ನು ತೆಂಗಿನಕಾಯಿಯ ಮೇಲಿಟ್ಟುಕೊಂಡು ಹುಡುಗನ ತಾಯಿಯೇ ಎಲ್ಲರಿಂದ ಮುಟ್ಟಿಸುತ್ತಿದ್ದರು. ಆಮೇಲೆ ಅವನು ಬಗ್ಗಿದ, ಮೂರು ಗಂಟು ಹಾಕಿದ, ಅಕ್ಷತೆ ಬಿತ್ತು.

ಯಜಮಾನರು ಕೈ ಮುಗಿದರು. ಹುಡುಗಿ ಪರದೆಯ ಹತ್ತಿರಕ್ಕೆ ಮುಖ ತಂದು ನೋಡಿದಳು.

"ಎಷ್ಟು ನಗ್ತಾ ಇದೀನಿ ನೋಡಿ ಆಂಟಿ, ಬುದ್ಧಿ ಇಲ್ದೋಳು," ಎಂದು ಹೇಳಿ ಅಂಗಡಿಯಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಮೇಡಂಗೆ ಫೋನು ಮಾಡುವಷ್ಟರಲ್ಲಿ ಹುಡುಗಿಯ ವಕೀಲರ ಫೋನು ಬಂತು. ಸಾಕ್ಷಿ ಹೇಳುವವರೆಗೂ ಡಿಸ್ಕನ್ನು ಮುಟ್ಟಬಾರದಂತೆ. ಅಳುಕುತ್ತಲೇ ಮೇಡಂಗೆ ಹೇಳಿದೆ. "ಸಾಕ್ಷಿ ಆದ ದಿನ ಸಂಜೆ ಬರ್ತೀನಿ ಹಾಗಾದ್ರೆ," ಎಂದಷ್ಟೇ ಹೇಳಿ ಇಟ್ಟರು.

ಚಿಂತಾಮಣಿಯ ಕೋರ್ಟಿಗೆ ನಾನೇ ಹೋದೆ. ಅಂಗಡಿಯ ಕಂಪ್ಯೂಟರು ನನ್ನ ಸುಪರ್ದಿನಲ್ಲಿರುವುದರಿಂದ, ವಿಡಿಯೋ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರಕ್ಕೆ ಸಹಿ ನನ್ನದೇ. ಡಿಸ್ಕು ಕೆಟ್ಟಿದ್ದನ್ನು, ಲೆಕ್ಕದಿಂದ ತೆಗೆದಿದ್ದನ್ನು ಮುಚ್ಚಿಡದೆ ಬರೆದಿದ್ದೆ. ಹುಡುಗನ ವಕೀಲರು ಅದನ್ನೇ ಹಿಡಿದರು.

"ಅಂದ್ರೆ ಏನಮ್ಮಾ, ಯಾರ್ಯಾರದ್ದೋ ಮದುವೆಗಳನ್ನ ಕೂಡಿ ಕಳೆದು ಈ ಮದುವೆ ಮಾಡಿದೀರಿ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಮದುವೆ ಮಾಡಿದ್ದು ಅವರು ಸ್ವಾಮಿ. ಕಳೆದಿದ್ದನ್ನ ಹುಡುಕಿದ್ದು ನಾವು."

"ಲೆಕ್ಕ ಒಂಚೂರು ಹೆಚ್ಚುಕಮ್ಮಿ ಆಗಿದ್ರೆ? ಇವರ ತಲೆ, ಅವರ ಕೈ ಬಂದಿದ್ರೆ?"

"ಹಂಗೆ ಬರಲ್ಲ ಸ್ವಾಮಿ. ಮದುವೆ ತೆಗೆದ ವಾರದಲ್ಲೇ ಫೈಲಿನ ಪ್ರತಿ ತುಂಡಿಗೂ ಗುರುತಿನ ಸಂಖ್ಯೆ ಬಿದ್ದಿರ್ತದೆ. ವಾಪಸ್ ಬಂದ ತುಂಡು ಅದಕ್ಕೆ ಹೊಂದಿದ್ರೆ ಮಾತ್ರ ಸರಿ ಅಂತ ಹೇಳ್ತದೆ. ಹೊಂದದಿದ್ರೆ ಕೆಟ್ಟಿದೆ ಅಂತ ಹೇಳ್ತದೆ, ಮೊದಲು ಹಂಗೇ ಹೇಳಿತ್ತು."

ನಾದಿನಿ ವಾರವಿಡೀ ಗಿಳಿಪಾಠ ಮಾಡಿಸಿದ್ದು ಬಾಯಿಗೆ ಬಂತು. ವಿಡಿಯೋ ಹಾಕಿಸಿ ನೋಡಿದರು. ಹುಡುಗ ಪರದೆಯ ಕಡೆ ತಿರುಗಲೇ ಇಲ್ಲ. ಅವನ ತಾಯಿ ನೋಡಿದರು, ಕೊನೆಯವರೆಗೂ ನೋಡಿದರು. ವಿಡಿಯೋ ದಾಖಲೆಗೆ ಸೇರಿತು. ಒಡನೆ ಹುಡುಗನ ವಕೀಲರು ಎದ್ದು, ತಜ್ಞರ ಪರೀಕ್ಷೆಯಾಗಬೇಕು ಎಂದರು. ನ್ಯಾಯಾಧೀಶರು ಒಪ್ಪಿದರು. ನನ್ನ ಕಡೆ ನೋಡಿ, ಕೇಸು ತೀರ್ಮಾನವಾಗುವವರೆಗೂ ಆ ಗುಂಪಿನ ಎಲ್ಲ ಡಿಸ್ಕುಗಳೂ ಈಗಿದ್ದಂತೆಯೇ ಇರಬೇಕು, ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ ಎಂದರು.

"ಅದರಲ್ಲಿ ಇನ್ನೊಬ್ಬರದ್ದು ಒಂದು..." ಎಂದು ಬಾಯಿ ತೆರೆದೆ.

"ಎಲ್ಲವೂ," ಎಂದು ಅವರು ಮುಂದಿನ ಕೇಸಿನ ಕಟ್ಟು ತೆಗೆದುಕೊಂಡರು.

ಹೊರಗೆ ಬಂದಾಗ ವಕೀಲರು ಹುಡುಗಿಯ ತಾಯಿಗೆ, ಬಲ ಬಂತು, ಬಹಳ ಬಲ ಬಂತು ಎನ್ನುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹುಡುಗಿಯ ಪಕ್ಕ ಕೂತು ಗೌರಿಬಿದನೂರಿಗೆ ಫೋನು ಮಾಡಿದೆ. ಮೇಡಂ ಆಗಲೇ ಶಿಡ್ಲಘಟ್ಟಕ್ಕೆ ಹೊರಡಲು ಸೀರೆ ಉಟ್ಟು ಕೂತಿದ್ದರಂತೆ. ಆದದ್ದನ್ನು ಹೇಳಿದೆ.

"ಎಲ್ಲೀವರೆಗೂ?"

"ಕೇಸು ಮುಗಿಯೋವರೆಗೂ ಅಂತ ಮೇಡಂ."

"ನಮ್ಮ ಕೇಸು ಎಷ್ಟು ಎಳೀತು ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಆಗಲಿ ಅಂದ್ರಿ." ಅವರು ಜೋರು ಮಾಡಲಿಲ್ಲ. ಮಾಡಿದ್ದರೆ ಸುಲಭವಾಗುತ್ತಿತ್ತು. "ತಜ್ಞರು ಅಂದ್ರೆ ಯಾರು? ಅವರೆಲ್ಲ ನನ್ನ ಮಗಳನ್ನ ನೋಡ್ತಾರಾ?"

"ನಮ್ಮ ನಾದಿನಿ ಜೊತೆಗೇ ಇರ್ತಾಳೆ ಮೇಡಂ, ಬೇರೆಯವರದ್ದು ತೆರೀಬೇಡಿ ಅಂತ ಕೇಳ್ಕೋತೀವಿ," ಎಂದೆ. ಕೇಳಿಕೊಳ್ಳುವುದಷ್ಟೇ ನನ್ನ ಕೈಯಲ್ಲಿತ್ತು.

"ಆ ಹುಡುಗಿ ಇದಾಳಾ ಅಲ್ಲಿ? ಫೋನ್ ಕೊಡಿ," ಎಂದರು.

ಕೊಟ್ಟೆ. ಅವಳು ಎದ್ದು ಎರಡು ಹೆಜ್ಜೆ ಆಚೆ ಹೋಗಿ, ಇನ್ನೊಂದು ಕಿವಿ ಮುಚ್ಚಿಕೊಂಡು ನಿಂತಳು. "ಹ್ಞೂ ಆಂಟಿ. ಹ್ಞೂ. ಇಲ್ಲ ಆಂಟಿ." ಬಸ್ಸುಗಳ ಹಾರನ್ನಿನಲ್ಲಿ ಬೇರೇನೂ ನನಗೆ ಕೇಳಲಿಲ್ಲ. ಫೋನು ವಾಪಸು ಕೊಟ್ಟಳು.

"ಬೈದ್ರಾ?"

"ಇಲ್ಲ. ಒಂದು ತಾರೀಖೂ ತಪ್ಪಿಸ್ಬೇಡ ಅಂದ್ರು. ಬಸ್ಸಿಲ್ಲ, ಜ್ವರ ಅಂತ ನೆಪ ಹೇಳಿದ್ರೆ ಇನ್ನಾರು ತಿಂಗಳು ಮುಂದಕ್ಕೋಗ್ತದೆ ಅಂದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೇಗ ಗೆದ್ದು ನನ್ನ ಮಗಳನ್ನ ಆ ಡಿಸ್ಕಿಂದ ಬಿಡಿಸು ಅಂದ್ರು ಆಂಟಿ."